ಜಂಬಕ್ಕ ಹೇಳಿದ ರೋಗ

ಕೊಟ್ಟೂರಿನ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಕೊಟ್ರಬಸಮ್ಮನ ಮನೆ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ಓಣಿಯ ಬಾಯಿಗೆ ಬಂದು ನಿಂತರೆ ಹಲಗೆಯ ಮೇಲೆ ಹಿಟ್ಟು ತಟ್ಟುವ ಸದ್ದು ಕೇಳುತ್ತಿತ್ತು. ಆ ಸದ್ದಿನ ಬೆನ್ನು ಹಿಡಿದು ಹೋದರೆ ಅವಳ ಬಾಗಿಲು. ಮದುವೆ, ಸೀಮಂತ, ತೊಟ್ಟಿಲು, ಏನೇ ಕಾರ್ಯವಿದ್ದರೂ ಹಗರಿಬೊಮ್ಮನಹಳ್ಳಿ ಕಡೆಯಿಂದ ಹರಪನಹಳ್ಳಿ ಕಡೆಯವರೆಗೂ ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಅವಳ ಜೋಳದ ರೊಟ್ಟಿ ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುವಷ್ಟು ತೆಳುವಾಗಿರುತ್ತಿತ್ತು. ಅಂಚು ಒಂದು ಕಡೆಯೂ ಒಡೆದಿರುತ್ತಿರಲಿಲ್ಲ. ಒಣಗಿಸಿ ಬುಟ್ಟಿಯಲ್ಲಿಟ್ಟರೆ ತಿಂಗಳಾದರೂ ಕಡಿದಾಗ ಕಟಕ್ಕೆನ್ನುತ್ತಿತ್ತು.

ಅವಳ ಜೊತೆಗಾತಿ ಎದುರು ಮನೆಯ ಜಂಬಕ್ಕ. ಇಬ್ಬರೂ ಒಂದೇ ಬೇಸಿಗೆಯಲ್ಲಿ ಆ ಓಣಿಗೆ ಸೊಸೆಯರಾಗಿ ಬಂದವರು. ಕೊಟ್ರಬಸಮ್ಮನ ಗಂಡ ಮರುಳಪ್ಪ ಮಾರುಕಟ್ಟೆಯಲ್ಲಿ ಹಮಾಲಿ. ಜಂಬಕ್ಕನ ಗಂಡ ಎಲ್ಲಿಯೂ ನೆಲೆ ನಿಲ್ಲದೆ ತಿರುಗುತ್ತಿದ್ದವನು, ಒಂದು ವರ್ಷ ಹೋದವನು ಬರಲೇ ಇಲ್ಲ. ಆಗ ಜಂಬಕ್ಕನ ಕೈ ಹಿಡಿದು ಒಲೆಯ ಮುಂದೆ ಕೂಡಿಸಿ, ಎಸರು ಹಾಕುವುದರಿಂದ ಹಿಡಿದು ಹಂಚಿನ ಮೇಲೆ ರೊಟ್ಟಿ ಮಗುಚುವವರೆಗೂ ಕಲಿಸಿದವಳು ಕೊಟ್ರಬಸಮ್ಮ. ಇಪ್ಪತ್ತು ವರ್ಷ ಒಬ್ಬಳು ತಟ್ಟಿದರೆ ಒಬ್ಬಳು ಬೇಯಿಸಿದಳು. ಒಬ್ಬಳಿಗೆ ಇನ್ನೊಬ್ಬಳು ‘ಬಸಕ್ಕ’, ‘ಜಂಬಿ’. ಕೊಟ್ರಬಸಮ್ಮನ ಮಗಳು ಸುಮಲತಾ ಹುಟ್ಟಿದಾಗ ಮೊದಲು ಎತ್ತಿಕೊಂಡ ಕೈ ಜಂಬಕ್ಕನದು.

ತೊಂಬತ್ತೆಂಟರ ಮೇ ತಿಂಗಳಲ್ಲಿ ಹಿರೇಹಡಗಲಿಯ ಉಜ್ಜಿನಪ್ಪನವರ ಮಗನ ಮದುವೆಗೆ ಕರೆ ಬಂತು. ಆ ಬೇಸಿಗೆ ಹೇಗಿತ್ತೆಂದರೆ ಬೆಳಿಗ್ಗೆ ಎಂಟಕ್ಕೇ ನೆಲದ ಮೇಲೆ ಬರಿಗಾಲಿಡಲು ಆಗುತ್ತಿರಲಿಲ್ಲ. ಉಜ್ಜಿನಪ್ಪನವರು ಮನೆಯ ಹಿಂದೆ ತಗಡಿನ ಶೆಡ್ಡು ಹಾಕಿಸಿ ಮೂರು ಒಲೆ ಹೂಡಿಸಿದ್ದರು. ಬರಬೇಕಾಗಿದ್ದ ಇನ್ನಿಬ್ಬರು ಹೆಂಗಸರು ಬರಲಿಲ್ಲ. ಬೀಗರು ಒಂದು ದಿನ ಮೊದಲೇ ಬರುತ್ತಾರೆಂದು ಸುದ್ದಿ ಬಂದು, ರೊಟ್ಟಿ ಸಂಜೆಯೊಳಗೇ ಆಗಬೇಕೆಂದು ಅವಸರ ಮಾಡಿದರು.

ಅದಕ್ಕಿಂತ ದೊಡ್ಡ ತೊಂದರೆ ಒಂದಿತ್ತು, ಅದನ್ನು ಯಾರೂ ಬಾಯಿ ಬಿಟ್ಟು ಹೇಳುವಂತಿರಲಿಲ್ಲ. ಶೆಡ್ಡಿನ ಸುತ್ತ ಹಂದರ ಹಾಕುವ ಗಂಡಸರು, ತರಕಾರಿ ಹೆಚ್ಚುವ ಗಂಡಸರು. ಹೆಂಗಸರು ಒಂದಕ್ಕೆ ಹೋಗಬೇಕೆಂದರೆ ಅವರನ್ನೆಲ್ಲ ದಾಟಿ ಊರ ಹೊರಗಿನ ಜಾಲಿ ಪೊದೆಗೆ ನಡೆಯಬೇಕು. ಹಾಗಾಗಿ ಕೊಟ್ರಬಸಮ್ಮ ಬೆಳಗಿನಿಂದ ಬರೀ ತುಟಿ ಒದ್ದೆ ಮಾಡಿಕೊಂಡಿದ್ದಳು. ಉಪ್ಪು ಹಾಕಿದ ಮಜ್ಜಿಗೆಯ ಗಡಿಗೆ ಪಕ್ಕದಲ್ಲೇ ಇತ್ತು, ಮುಚ್ಚಳ ತೆಗೆದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಜಂಬಕ್ಕ ಸೋತಳು. “ಬಸಕ್ಕಾ, ತಲಿ ಸಿಡಿಯಾಕತ್ತೈತಿ. ಕಣ್ಣಿಗೆ ಕತ್ಲಿ ಬಂದಂಗ ಆಗತೈತಿ.”

“ಏಳು, ಏಳು. ಬೇವಿನ ಗಿಡದ ನೆಳ್ಳಾಗ ಕುಂದ್ರು ಹೋಗು. ಮಜ್ಜಿಗಿ ಕುಡಿ. ನಿನ್ನ ಒಲಿನೂ ನಾನ ನೋಡ್ಕೊಂತೀನಿ.”

ಜಂಬಕ್ಕ ಗಡಿಗೆ ಎತ್ತಿಕೊಂಡು ಹೋದಳು. ಕೊಟ್ರಬಸಮ್ಮ ಎರಡು ಒಲೆಗಳ ನಡುವೆ ಸರಿದು ಕುಳಿತಳು. ಸ್ವಲ್ಪ ಹೊತ್ತಿಗೆ ಮುಂಗೈ ಮೇಲಿಂದ ಹಿಟ್ಟಿಗೆ ತೊಟ್ಟಿಕ್ಕುತ್ತಿದ್ದ ಬೆವರು ನಿಂತಿತು. ಪರವಾಗಿಲ್ಲ, ಸೆಕೆ ಇಳಿಯಿತು ಎಂದುಕೊಂಡಳು. ಆಮೇಲೆ ಒಂದೊಂದು ಹಂಚೂ ಎರಡೆರಡಾಗಿ ಕಂಡಿತು. ಅವಳಿಗೆ ನೆನಪಿರುವುದು ಅಷ್ಟೇ.

ಮುಂದಿನದು ಬೇರೆಯವರ ಬಾಯಿಂದ ಕೇಳಿದ್ದು. ಅವಳು ಎದ್ದು ನಿಂತು, ಕುಡಿದವರಂತೆ ತೂರಾಡುತ್ತ, ಮದುವಣಿಗನ ತಾಯಿಯನ್ನು ತನ್ನ ಸತ್ತುಹೋದ ಅವ್ವನೆಂದು ತಿಳಿದು “ಯವ್ವಾ, ಎತ್ತು ಬಿಚ್ಚಿಲ್ಲ ಇನ್ನೂ” ಎಂದು ಬೈದಳಂತೆ. ಹಾಗೇ ಕುಸಿದಳು. ಕೈಕಾಲು ಸೆಟೆದು ಅದುರಿದವು. ಜನ ಸುತ್ತಿದರು. ಒಬ್ಬ ಮುದುಕಿ ಮೂರ್ಛೆ ರೋಗವೆಂದು ಸೊಂಟದ ಕೀಲಿಕೈ ಗೊಂಚಲನ್ನು ಅವಳ ಅಂಗೈಯಲ್ಲಿ ಒತ್ತಿದಳು. ಇನ್ನೊಬ್ಬಳು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದಳು.

ಜಂಬಕ್ಕ ಗಿಡದ ಬುಡದಿಂದ ಓಡಿ ಬಂದವಳು ಮೈ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು. “ಹಂಚಿನಂಗ ಸುಡಾಕತ್ತೈತಿ! ಸರೀರಿ ಎಲ್ಲಾರೂ!” ಎಂದು ಒದರಿ, ಇಬ್ಬರು ಹೆಂಗಸರೊಂದಿಗೆ ಅವಳನ್ನು ನೆರಳಿಗೆ ಎಳೆದಳು. ಸೀರೆ ಸುತ್ತ ಹಿಡಿಸಿ ಮರೆ ಮಾಡಿ, ಕುಪ್ಪಸ ಬಿಚ್ಚಿದಳು. ತೊಟ್ಟಿಯ ನೀರನ್ನು ಕೊಡಗಟ್ಟಲೆ ಸುರಿದಳು. ಮೊರ ತರಿಸಿ ಬೀಸಿಸಿದಳು. ಯಾರೋ ಬಾಯಿಗೆ ನೀರು ಬಿಡಲು ಬಂದಾಗ ಚೊಂಬನ್ನು ತಳ್ಳಿಬಿಟ್ಟಳು. “ಎಚ್ಚರ ಇಲ್ದಾಕಿ ಬಾಯಾಗ ನೀರು ಹಾಕಬ್ಯಾಡ್ರಿ! ಉಸಿರು ಸಿಕ್ಕೊಂಡು ಸತ್ತಾಳು!” ಜೀಪು ಹಡಗಲಿಯ ಆಸ್ಪತ್ರೆ ಮುಟ್ಟುವವರೆಗೂ ದಾರಿಯುದ್ದಕ್ಕೂ ಒದ್ದೆ ಗೋಣಿಚೀಲ ಹಿಂಡಿ ಹಿಂಡಿ ಎದೆಯ ಮೇಲೆ ಹಾಕುತ್ತ ಬಂದಳಂತೆ.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಹೊತ್ತು ಮುಳುಗುತ್ತಿತ್ತು. ಗ್ಲೂಕೋಸ್ ಬಾಟ್ಲಿ ನೇತಾಡುತ್ತಿತ್ತು. ಮಂಚದ ಕೆಳಗೆ ಜಂಬಕ್ಕ ಗೋಡೆಗೊರಗಿ ಕುಳಿತಿದ್ದಳು. ನರ್ಸ್ ಪುಷ್ಪಲತಾ ಬಂದು ಇಬ್ಬರಿಗೂ ಕೇಳುವಂತೆ ಹೇಳಿದಳು: “ನಿಮಗ ಬಿಸಿಲು ಬಡಿದಿತ್ತು. ಮೈಯಾಗಿನ ಕಾವು ಹೊರಗ ಹೋಗದ ತಲಿಗೆ ಏರೇತಿ. ಕೈಕಾಲು ಅದುರಿದ್ದೂ ಅದರಿಂದನ. ಇದು ಮೂರ್ಛೆ ರೋಗ ಅಲ್ಲ, ಯಾರರ ಅಂದ್ರ ಕಿವಿಗೆ ಹಾಕ್ಕೋಬ್ಯಾಡ್ರಿ. ಈ ಅಕ್ಕಾರು ಆವಾಗಿಂದಾವಾಗ ನೀರು ಹಾಕಿ ಗಾಳಿ ಬೀಸಿರದಿದ್ರ, ನಾವು ಏನು ಮಾಡಿದ್ರೂ ನೀವು ಉಳೀತಿರಲಿಲ್ಲ.”

ಕೊಟ್ರಬಸಮ್ಮ ಕೈ ಚಾಚಿ ಜಂಬಕ್ಕನ ತಲೆ ಮುಟ್ಟಿದಳು. ಜಂಬಕ್ಕ ಅಳುತ್ತಿದ್ದಳು.

ಬಿಟ್ಟು ಕಳಿಸುವಾಗ ಪುಷ್ಪಲತಾ ಎಲ್ಲ ಬಿಡಿಸಿ ಹೇಳಿದಳು. ಎರಡು ತಿಂಗಳು ಒಲೆಯ ಹತ್ತಿರ ಸುಳಿಯಬಾರದು, ಒಮ್ಮೆ ಕಾವು ಏರಿದ ಮೈಗೆ ಮತ್ತೊಮ್ಮೆ ಏರುವುದು ಸುಲಭ. ನೀರಡಿಕೆ ಆಗುವ ಮೊದಲೇ ನೀರು ಕುಡಿಯಬೇಕು, ಮಜ್ಜಿಗೆಗೆ ಉಪ್ಪು ಬೀಳಬೇಕು. ಬರೀ ತಲೆನೋವು, ಸುಸ್ತು, ಕಾಲು ಹಿಡಿದಂತಾದರೆ ಕೆಲಸ ಬಿಟ್ಟು ನೆರಳಿಗೆ ಹೋಗಿ ಕುಡಿದರೆ ಸರಿಹೋಗುತ್ತದೆ. “ಮಾತು ಅಡ್ಡಾದಿಡ್ಡಿ ಆದ್ರ ಮಾತ್ರ ದಾರಿ ಕಾಯಬ್ಯಾಡ್ರಿ. ಬೆವರು ನಿಂತಿರಲಿ, ಬೆವರು ಸುರೀತಿರಲಿ, ಮೈ ಸುಟ್ಟು ತಲಿ ಕೆಟ್ಟಂಗ ಮಾತಾಡಾಕತ್ರ ಅದು ಇದ. ಮೈ ತೋಯಿಸ್ರಿ, ಗಾಳಿ ಬೀಸ್ರಿ, ಐಸ್ ಸಿಕ್ರ ಕುತ್ತಿಗಿಗೆ, ಕಂಕುಳಿಗೆ, ತೊಡಿಸಂದಿಗೆ ಇಡ್ರಿ. ಜ್ವರದ ಗುಳಿಗಿ ಕೊಡಬ್ಯಾಡ್ರಿ, ಅದು ಇದಕ್ಕ ನಾಟಂಗಿಲ್ಲ. ತೋಯಿಸ್ಕೊಂತನ ದವಾಖಾನಿಗೆ ಕರ್ಕೊಂಡು ಬರ್ರಿ.”

ಆ ಎರಡು ತಿಂಗಳು ಬಂದ ಕರೆಗಳಿಗೆಲ್ಲ ಜಂಬಕ್ಕನೇ ಹೋದಳು. ಹೋಗಬೇಕಾದದ್ದೇ. ಬರುವಾಗ ಮದುವೆ ಮನೆಯ ಸಿಹಿ ಕಟ್ಟಿಸಿಕೊಂಡು ಬಂದು ಮರುಳಪ್ಪನ ಕೈಗೆ ಕೊಡುತ್ತಿದ್ದಳು. ಆಷಾಢ ಕಳೆಯಿತು. ಕೊಟ್ರಬಸಮ್ಮನ ಕೈಗೆ ಮತ್ತೆ ಕಸುವು ಬಂತು. ಮನೆಯ ಮಟ್ಟಿಗೆ ನಾಲ್ಕು ರೊಟ್ಟಿ ತಟ್ಟಿ ನೋಡಿದಳು, ಅಂಚು ಹಾಗೇ ದುಂಡಗೆ ಬಂತು. ಇನ್ನು ಕರೆ ಬರುತ್ತದೆಂದು ಕಾದಳು. ಶ್ರಾವಣ ಹೋಯಿತು, ದಸರಾ ಹೋಯಿತು. ಬಂದವರು ಅವಳ ಬಾಗಿಲಿಗೆ ಬೆನ್ನು ಮಾಡಿ ಎದುರು ಮನೆಯ ಕದ ಬಡಿಯುತ್ತಿದ್ದರು.

ಒಂದು ದಿನ ತೆಲಿಗಿಯಿಂದ ಬಂದ ಕನಕಮ್ಮನೆಂಬ ಹೆಂಗಸು ದಾರಿ ತಪ್ಪಿ ಇವಳ ಕಟ್ಟೆ ಹತ್ತಿದಳು. ಹೆಸರು ಕೇಳಿದವಳೇ ಒಂದು ಹೆಜ್ಜೆ ಹಿಂದೆ ಸರಿದಳು.

“ಓ, ನೀವಾ ಕೊಟ್ರಬಸಮ್ಮಾರು? ಹೆಂಗದೀರಿ ಈಗ? ಪಾಪ, ಬೆಂಕಿ ನೀರು ಕಂಡ್ರ ಬರ್ತದಂತಲ್ಲ ನಿಮಗ.”

“ಏನು ಬರ್ತದ?”

“ಅದಾ, ಮೂರ್ಛೆ ರೋಗ. ಹುಟ್ಟಿದಾಗಿಂದ ಐತಂತಲ್ಲ? ಜಂಬಕ್ಕಾರು ಮರುಗ್ತಿದ್ರು. ಇಷ್ಟು ವರ್ಷ ಹೆಂಗೋ ಮುಚ್ಚಿಕೊಂಡು ಕಾಪಾಡಿದೆ, ಆವತ್ತು ನಾನು ಇರದಿದ್ರ ಹಂಚಿನ ಮ್ಯಾಲ ಬಿದ್ದು ಬೇಯ್ತಿದ್ಲು ಅಂದ್ರು.”

ಕೊಟ್ರಬಸಮ್ಮ ಎದುರು ಮನೆ ತೋರಿಸಿ ಒಳಗೆ ಬಂದಳು. ಗಂಡನಿಗೂ ಹೇಳಲಿಲ್ಲ. ತೆಲಿಗಿಯಾಕೆ ಏನೋ ಕೇಳಿ ಏನೋ ತಿಳಿದಿದ್ದಾಳೆ, ಕೀಲಿಕೈ ಹಿಡಿಸಿದ ಮುದುಕಿ ಎಲ್ಲೋ ಆಡಿದ ಮಾತು ಜಂಬಿಯ ಹೆಸರಿಗೆ ಬಂದಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಇಪ್ಪತ್ತು ವರ್ಷದ ಗೆಳತಿಗಿಂತ ಬಾಗಿಲು ತಪ್ಪಿ ಬಂದವಳ ಮಾತು ದೊಡ್ಡದೇ? ಅಂದು ಸಂಜೆ ಜಂಬಕ್ಕ ಬಂದು ಕಟ್ಟೆಯ ಮೇಲೆ ಕುಳಿತಾಗ ಚಹಾ ಮಾಡಿ ಕೊಟ್ಟಳು.

ಕಾರ್ತಿಕದ ಕೊನೆಗೆ ಮಗಳನ್ನು ನೋಡಲು ಗುಡೇಕೋಟೆಗೆ ಹೋದಳು. ಸುಮಲತಾಳ ಮಗನಿಗೆ ಒಂದೂವರೆ ವರ್ಷ. ಅಜ್ಜಿಯನ್ನು ಕಂಡು ಅವನು ತಪ್ಪು ಹೆಜ್ಜೆ ಇಡುತ್ತ ಬಂದ. ಇವಳು ಎತ್ತಿಕೊಂಡು ಕೆನ್ನೆಗೆ ಕೆನ್ನೆ ಹಚ್ಚಿದ್ದಷ್ಟೇ. ಬೀಗಿತಿ ಭರಮಮ್ಮ ಅಡಿಗೆಮನೆಯಿಂದ ಸೊಸೆಯನ್ನು ನೋಡಿದಳು. ಸುಮಲತಾ ಕೈಯಲ್ಲಿದ್ದ ಸೌಟು ಬಿಟ್ಟು ಬಂದು, “ತಾ ಬೇ ಇಲ್ಲಿ, ಅವನಿಗೆ ಉಣಿಸಬೇಕು” ಎಂದು ಮಗುವನ್ನು ತೆಗೆದುಕೊಂಡಳು. ಮಗು ಉಂಡಿತ್ತು, ಗದ್ದದ ಮೇಲೆ ಅನ್ನ ಇನ್ನೂ ಮೆತ್ತಿಕೊಂಡಿತ್ತು. ಮಧ್ಯಾಹ್ನ ಎತ್ತಿಕೊಂಡಾಗಲೂ ಹಾಗೇ ಆಯಿತು. ಮೂರನೆಯ ಸಲ ಕೊಟ್ರಬಸಮ್ಮ ಮಗಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕೇಳಿದಳು.

“ಯಾಕ ಸುಮಾ? ನನ್ನ ಕೈಯಾಗ ಮುಳ್ಳು ಅದಾವೇನು?”

ಸುಮಲತಾ ನೆಲ ನೋಡುತ್ತ ಹೇಳಿದಳು: “ನಮ್ಮತ್ತಿ ಹೆದರತಾಳಬೇ. ಎತ್ಕೊಂಡಾಗ ನಿನಗ ಬಂದುಬಿಟ್ರ? ಜಂಬಕ್ಕ ಚಿಗವ್ವ ಇಲ್ಲಿ ಮದುವಿಗೆ ರೊಟ್ಟಿಗೆ ಬಂದಿದ್ಲಲ್ಲ, ಆಕಿನ ಹೇಳಿಹೋದ್ಲು. ಹುಷಾರು ತಂಗಿ, ನಿಮ್ಮವ್ವ ನಿನ್ನ ಮುಂದ ಹೇಳಂಗಿಲ್ಲ, ಆಕಿಗೆ ಮೂರ್ಛಿ ಐತಿ ಅಂತ. ನನಗ ಯಾಕ ಹೇಳಿರಲಿಲ್ಲಬೇ ನೀನು?”

“ನೀ ನಂಬಿದಿ?”

“ಬ್ಯಾರೆ ಯಾರರ ಹೇಳಿದ್ರ ನಂಬತಿದ್ದಿಲ್ಲ. ಹೇಳಿದಾಕಿ ಜಂಬಕ್ಕ ಚಿಗವ್ವ.”

ಕೊಟ್ರಬಸಮ್ಮನಿಗೆ ಮಗಳ ಮೇಲೆ ಸಿಟ್ಟು ಬರಲಿಲ್ಲ. ತಾನೂ ಅಷ್ಟೇ, ಜಂಬಕ್ಕ ಹೇಳಿದ್ದನ್ನು ಎಂದೂ ತಿರುಗಿಸಿ ಕೇಳಿದವಳಲ್ಲ. ಊರಿನ ಬಸ್ಸು ಹತ್ತಿದಳು. ಓಣಿಗೆ ಬಂದವಳು ಮನೆಗೆ ಹೋಗಲಿಲ್ಲ. ಚೀಲ ಹಿಡಿದುಕೊಂಡೇ ಎದುರು ಮನೆಯೊಳಗೆ ಹೋದಳು. ಜಂಬಕ್ಕ ಹಿಟ್ಟು ಸಾಣಿಸುತ್ತಿದ್ದಳು.

“ಗುಡೇಕೋಟಿಗೆ ಹೋಗಿದ್ದೆ” ಎಂದಳು.

ಜಂಬಕ್ಕನ ಸಾಣಿಗೆ ನಿಂತಿತು. “ಸುಮಿ ಅರಾಮದಾಳಾ?”

“ಮೊಮ್ಮಗನ್ನ ನನ್ನ ಕೈಯಾಗ ಕೊಡವಲ್ರು. ಯಾಕಂತ ನಿನಗ ಗೊತ್ತೈತಿ.”

“ಜನ ಏನೇನೋ ಅಂತಾರ ಬಸಕ್ಕ...”

“ಜನ ಅಲ್ಲ. ನೀನು. ನರ್ಸಮ್ಮ ನಿನ್ನ ಮುಂದ ಹೇಳ್ಯಾಳ. ಮೈ ಮುಟ್ಟಿ ಸುಡಾಕತ್ತೈತಿ ಅಂದಾಕಿ ನೀನು. ನಿನಗ ಗೊತ್ತಿಲ್ದ ಇದ್ದಿದ್ದು ಏನೈತಿ ಅದರಾಗ?”

ಜಂಬಕ್ಕ ಸಾಣಿಗೆ ಕೆಳಗಿಟ್ಟಳು. ಮೊದಲು, ನೀ ಮತ್ತೆ ಒಲೆಯ ಮುಂದೆ ಕುಳಿತರೆ ಸತ್ತೀಯೆಂದು ಹಾಗೆ ಹೇಳಿದೆ ಅಂದಳು. ಆ ಮಾತು ಅವಳ ಬಾಯಲ್ಲೇ ನಿಲ್ಲಲಿಲ್ಲ. ಆಮೇಲೆ ತಲೆ ಎತ್ತಿದಳು, ಕಣ್ಣು ಕೆಂಪಾಗಿದ್ದವು.

“ಇಪ್ಪತ್ತು ವರ್ಷ, ಬಸಕ್ಕ. ನಾ ತಟ್ಟಿದ್ದೂ ಕೊಟ್ರಬಸಮ್ಮನ ರೊಟ್ಟಿ, ನಾ ಸುಟ್ಟುಕೊಂಡಿದ್ದೂ ಕೊಟ್ರಬಸಮ್ಮನ ಒಲಿ. ಯಾರೂ ಒಂದಿನಾನೂ ಜಂಬಕ್ಕ ಬಂದಾಳೇನು ಅಂತ ಕೇಳಿಲ್ಲ. ಆ ಎರಡು ತಿಂಗಳು ಕೇಳಿದ್ರು. ನನ್ನ ಹೆಸರು ಹಿಡಿದು ಕೇಳ್ಕೊಂತ ಬಂದ್ರು. ನೀ ಎದ್ದು ಬಂದ್ರ ಮತ್ತ ಹಿಂದ ಹೋಗಿ ಕುಂದ್ರಬೇಕಾಗಿತ್ತು.”

“ಹಂಗಾದ್ರ ಆವತ್ತು ಉಳಿಸಿದ್ಯಾಕ?”

“ಆವತ್ತು...” ಜಂಬಕ್ಕ ಅಂಗೈಯಲ್ಲಿನ ಹಿಟ್ಟು ಒರೆಸಿಕೊಂಡಳು. “ಆವತ್ತು ಇದ್ಯಾವುದೂ ತಲಿಯಾಗಿರಲಿಲ್ಲ. ನೀ ಉಳಿದ್ರ ಸಾಕಿತ್ತು.”

ಅದು ಸುಳ್ಳಲ್ಲವೆಂದು ಕೊಟ್ರಬಸಮ್ಮನಿಗೆ ಗೊತ್ತಾಯಿತು. ಸುಳ್ಳಾಗಿದ್ದರೆ ಚೆನ್ನಾಗಿರುತ್ತಿತ್ತು. ಬಾಯಿಗೆ ಬಂದಂತೆ ಬೈದು, ಜಡೆ ಹಿಡಿದು ಎಳೆದು ಮನೆಗೆ ಹೋಗಬಹುದಿತ್ತು. ಒಂದೇ ಕೈ ನೀರು ಸುರಿದು ಬದುಕಿಸಿ, ಅದೇ ಕೈ ಬದುಕು ಕಿತ್ತುಕೊಂಡರೆ ಆ ಕೈಗೆ ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಚೀಲ ಎತ್ತಿಕೊಂಡು ಹೊರಗೆ ಬಂದಳು. ಅಂದಿನಿಂದ ಆ ಹೊಸ್ತಿಲು ತುಳಿಯಲಿಲ್ಲ.

ಮರುದಿನವೇ ಹಡಗಲಿಯ ಬಸ್ಸು ಹತ್ತಿದಳು. ಪುಷ್ಪಲತಾ ಮೊದಲು ಗುರುತು ಹಿಡಿಯಲಿಲ್ಲ, ಗೋಣಿಚೀಲದ ಮಾತು ಹೇಳಿದ ಮೇಲೆ ನೆನಪಾಯಿತು. ಆದದ್ದು ಬಿಸಿಲಿನ ಬಡಿತ, ಮೂರ್ಛೆ ರೋಗವಲ್ಲ ಎಂದು ಡಾಕ್ಟರರಿಂದ ಕನ್ನಡದಲ್ಲೇ ಒಂದು ಚೀಟಿ ಬರೆಸಿ, ಸಹಿ ಹಾಕಿಸಿ ಕೊಟ್ಟಳು. ಕೊಟ್ರಬಸಮ್ಮ ಅದನ್ನು ಗುಡೇಕೋಟೆಗೆ ಒಯ್ದಳು. ಅಳಿಯ ಅರುಣಕುಮಾರ್ ಜೋರಾಗಿ ಓದಿದ. ಭರಮಮ್ಮ ಕೇಳಿಸಿಕೊಂಡು, “ಹಂಗಾರ ಸರಿ ಬಿಡ್ರಿ” ಎಂದು ಮೊಮ್ಮಗನನ್ನು ತಾನೇ ತಂದು ತೊಡೆಯ ಮೇಲೆ ಕೂಡಿಸಿದಳು. ಆದರೆ ಕೊಟ್ರಬಸಮ್ಮ ಮಗುವನ್ನೆತ್ತಿಕೊಂಡು ಎದ್ದು ನಿಂತಾಗಲೆಲ್ಲ ಸುಮಲತಾಳ ಕೈ ತನಗರಿವಿಲ್ಲದೆ ಮುಂದೆ ಬರುತ್ತಿತ್ತು. ಚೀಟಿ ಒಂದು ಮನೆಗೆ ಒಯ್ಯಬಹುದು. ತನ್ನ ಹೆಸರು ಕೆಟ್ಟಿರುವ ಊರುಗಳಿಗೆಲ್ಲ ಒಯ್ಯಲಾದೀತೇ?

ಮುಂದಿನ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಮರುಳಪ್ಪ ಮಾರುಕಟ್ಟೆಯಿಂದ ಹೊತ್ತಿಗೆ ಮೊದಲೇ ಬಂದ. ಬೆಳಗಿನಿಂದ ಲಾರಿಗೆ ಶೇಂಗಾ ಚೀಲ ಹೊತ್ತಿದ್ದ. ಅಂಗಿ ಬೆವರಿಗೆ ಮೈಗಂಟಿತ್ತು. ಬಾಗಿಲಲ್ಲಿ ನಿಂತು, “ಚಾವಿ ಎಲ್ಲೈತಿ, ಲಾರಿ ಹೊಂಡತೈತಿ” ಎಂದ. ಯಾವ ಚಾವಿ ಎಂದು ಕೇಳಿದರೆ ಹೆಂಡತಿಯ ಮುಖವನ್ನು ಗುರುತಿಲ್ಲದವರ ಮುಖದಂತೆ ನೋಡಿದ. ಗೋಡೆ ಹಿಡಿದು ಜಾರಿ ಕುಳಿತು ವಾಂತಿ ಮಾಡಿಕೊಂಡ.

ಕೊಟ್ರಬಸಮ್ಮ ಬೆನ್ನಿಗೆ ಕೈ ಇಟ್ಟಳು. ಬೆವರಿನ ಕೆಳಗೆ ಮೈ ಸುಡುತ್ತಿತ್ತು. ಅವಳ ಬಾಯಿಂದ ಕೂಗು ಬಂತು: “ಜಂಬೀ!”

ಕೂಗಿದ ಮೇಲೆ ಎದುರು ಕದ ನೋಡಿದಳು. ಬೀಗ ಹಾಕಿತ್ತು, ಜಂಬಕ್ಕ ಹರಪನಹಳ್ಳಿಯ ಮದುವೆಗೆ ಹೋಗಿದ್ದಳು. ಗಂಡನ ಮೈ ಬೇಯುತ್ತಿದ್ದರೂ ಆ ಬೀಗ ಕಂಡು ಅವಳಿಗೆ ಅಳು ಉಕ್ಕಿತು. ಅಳುತ್ತಲೇ ಅವನ ಅಂಗಿ ಹರಿದಳು. ತಗಡಿನ ಮನೆಯ ಒಳಗೆ ಬಿಡದೆ ಓಣಿಯ ನೆರಳಿಗೆ ಎಳೆದು, ವಾಂತಿ ಗಂಟಲಿಗೆ ಹೋಗದಂತೆ ಮಗ್ಗುಲಾಗಿ ಮಲಗಿಸಿದಳು. ಹಂಡೆಯ ನೀರು ಸುರಿದಳು.

ಅಕ್ಕಪಕ್ಕದವರು ಬಂದರು. ಕೂಗಿಗೆ ಎದ್ದು ಬಂದ ಪಕ್ಕೀರಪ್ಪ, “ಮೈ ಬೆವರೇತಲ್ಲ, ಬಿಸಿಲಿಂದಲ್ಲ ಬಿಡು. ಏನೋ ತಿಂದಾನ” ಎಂದ. ಹಿಂದಿನಿಂದ ಒಬ್ಬ ಹೆಂಗಸು ಮೆಲ್ಲಗೆ, “ಹೇಣ್ತಿದು ಗಂಡಗೂ ಅಂಟಿತೇನು” ಎಂದಳು.

ಕೊಟ್ರಬಸಮ್ಮ ತಿರುಗಿ ನೋಡಲಿಲ್ಲ. “ಪಕ್ಕೀರಣ್ಣ, ನಿಂತು ಮಾತಾಡಬ್ಯಾಡ. ಸೋಡಾ ಅಂಗಡಿಯಾಗ ಐಸ್ ಗಡ್ಡಿ ಐತಿ, ಒಡೆಸಿಕೊಂಡು ಬಾ. ಬರ್ತಾ ಆಟೋ ತಾ. ನೀವು ಹೆಣ್ಮಕ್ಳು ಮೊರ ತಗೊಂಡು ಬೀಸ್ರಿ, ಕೈ ನಿಲ್ಲಸಬ್ಯಾಡ್ರಿ.” ಅವಳ ದನಿಗೆ ಎಲ್ಲರೂ ಓಡಿದರು. ಐಸ್ ಬಂತು. ಅದನ್ನು ಅರಿವೆಯಲ್ಲಿ ಸುತ್ತಿ ಗಂಡನ ಕುತ್ತಿಗೆಗೆ, ಕಂಕುಳಿಗೆ, ತೊಡೆಸಂದಿಗೆ ಇಟ್ಟಳು. ಒಬ್ಬರು ಗುಳಿಗೆ ತಂದರು, ಬೇಡವೆಂದಳು. ಆಟೋದಲ್ಲೂ ಕೊಡದಿಂದ ನೀರು ಸುರಿಯುತ್ತಲೇ ಹೋದಳು.

ಊರ ಡಾಕ್ಟರು ಕೇಳಿ, ನೋಡಿ, ಹಿಂದೆ ಬಂದಿದ್ದ ಓಣಿಯವರೆಲ್ಲರ ಮುಂದೆ ಹೇಳಿದರು: “ಬಿಸಿಲು ಬಡಿದೈತಿ. ಹೊತ್ಕೊಂಡು ದುಡಿಯೋರಿಗೆ ಬೆವರು ಇದ್ರೂ ಬರತೈತಿ. ಈಯಮ್ಮ ಏನೇನು ಮಾಡ್ಯಾಳೋ ಅದ ಸರಿ.” ಮರುಳಪ್ಪ ಎರಡು ದಿನಕ್ಕೆ ಎದ್ದು ಮನೆಗೆ ಬಂದ. ಹೆಂಡತಿಯದು ಗಂಡನಿಗೆ ಅಂಟಿತೆಂದ ಹೆಂಗಸೇ ಮಜ್ಜಿಗೆ ತಂದಿಟ್ಟು, “ಹಂಗಾರ ನಿನಗೂ ಅದ ಆಗಿತ್ತಾ?” ಎಂದು ಕೇಳಿದಳು.

“ಅದ ಆಗಿತ್ತು.”

“ಜಂಬಕ್ಕ ಹಂಗಂದ್ಲಲ್ಲ ಮತ್ತ?”

ಕೊಟ್ರಬಸಮ್ಮ ಮಜ್ಜಿಗೆ ಎತ್ತಿಕೊಂಡು ಗಂಡನ ಹತ್ತಿರ ಹೋದಳು.

ಜಂಬಕ್ಕ ಹರಪನಹಳ್ಳಿಯಿಂದ ಬಂದ ದಿನ ಕಟ್ಟೆಯ ಕೆಳಗೆ ನಿಂತು ಕೇಳಿದಳು: “ಅಣ್ಣ ಹೆಂಗದಾನ?”

“ಅರಾಮದಾನ.”

ಒಳಗೆ ಬಾ ಎನ್ನುವ ಮಾತು ಕೊಟ್ರಬಸಮ್ಮನ ಗಂಟಲವರೆಗೆ ಬಂತು. ಬಂದು ನಿಂತಿತು. ಜಂಬಕ್ಕ ಸೆರಗು ಹೊದ್ದುಕೊಂಡು ಹೋದಳು.

ಓಣಿ ನಂಬಿತು, ಆದರೆ ಮದುವೆಯ ಕರೆಗಳು ತಿರುಗಿ ಬರಲಿಲ್ಲ. ದೂರದ ಊರಿನವರ ಬಾಯಲ್ಲಿ ರೊಟ್ಟಿಯವಳ ಹೆಸರು ಅಷ್ಟರಲ್ಲಿ ಬದಲಾಗಿ ಹೋಗಿತ್ತು. ಕೊಟ್ರಬಸಮ್ಮ ಹಿತ್ತಲಿನಲ್ಲೇ ಹುಲ್ಲಿನ ಚಪ್ಪರ ಹಾಕಿಸಿ ಒಣಗಿಸಿದ ಕಟಕ ರೊಟ್ಟಿ ಮಾಡಿ ಅಂಗಡಿಗಳಿಗೆ ಕೊಡತೊಡಗಿದಳು. ಒಲೆ ಹೂಡುವ ಮೊದಲು ಮರುಳಪ್ಪನಿಂದ ಕಟ್ಟಿಸಿದ್ದು ಹೆಂಗಸರಿಗೊಂದು ಮರೆಯ ಜಾಗ. “ಹೋಗಾಕ ಜಾಗ ಇಲ್ದ ಕಡಿ ಯಾವ ಹೆಣ್ಮಗಳು ನೀರು ಕುಡೀತಾಳ?” ಎಂದಳು. ಬೇಸಿಗೆಯಲ್ಲಿ ಕೋಳಿ ಕೂಗಿದ ಕೂಡಲೇ ಒಲೆ ಹೊತ್ತುತ್ತಿತ್ತು, ಹತ್ತು ಗಂಟೆಗೆ ಆರುತ್ತಿತ್ತು. ಎಷ್ಟೇ ಬೇಡಿಕೆ ಇದ್ದರೂ ಅದರಾಚೆ ಒಂದು ರೊಟ್ಟಿಯೂ ಇಲ್ಲ. ಕೆಲಸಕ್ಕೆ ಬಂದ ಹೆಂಗಸರು ಪಾಳಿ ಬದಲಿಸುವಾಗ ಅವಳ ಕಣ್ಣೆದುರಿಗೇ ಮಜ್ಜಿಗೆ ಕುಡಿಯಬೇಕಾಗಿತ್ತು. ಕೆಲವರು ಒಳಗೊಳಗೇ ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಹೊಸದಾಗಿ ಸೇರಿದ ಒಬ್ಬಳು, ಇಷ್ಟೆಲ್ಲ ಯಾರು ಕಲಿಸಿದರೆಂದು ಕೇಳಿದಳು. ಕೊಟ್ರಬಸಮ್ಮ ಹಿರೇಹಡಗಲಿಯ ಕತೆ ಹೇಳಿದಳು. ಹೇಗೆ ಬಿದ್ದೆ, ಯಾರು ನೀರು ಹಾಕಿದರು, ನರ್ಸಮ್ಮ ಏನಂದಳು, ಎಲ್ಲವನ್ನೂ. “ಎದರ ಮನಿ ಜಂಬಕ್ಕ ಇರದಿದ್ರ ನಾ ಈಗ ಇರ್ತಿದ್ದಿಲ್ಲ” ಎಂದಳು.

ಹುಡುಗಿಗೆ ಸೋಜಿಗವಾಯಿತು. “ಮತ್ತ ನೀವಿಬ್ರೂ ಮಾತಾಡದು ನಾ ನೋಡಿಲ್ಲಲ್ಲ?”

“ಅದು ಬ್ಯಾರೆ ಮಾತು. ಹಿಟ್ಟು ಆರಾಕತ್ತೈತಿ, ತಟ್ಟು” ಎಂದು ಕೊಟ್ರಬಸಮ್ಮ ಒಲೆಗೆ ಇನ್ನೊಂದು ಜಾಲಿ ಕಟ್ಟಿಗೆ ನೂಕಿದಳು.